ಗದ್ದಲವನ್ನು ಹುಟ್ಟುವಲ್ಲೇ ತಡೆಯಬೇಕು

ಚಂದ್ರನ ಮೇಲೆ ಒಂದು ಸಾಮಾನ್ಯ ಮೊಬೈಲ್ ಫೋನ್ ಚಾಲೂ ಆದರೆ ಭೂಮಿಯ ರೇಡಿಯೊ ದೂರದರ್ಶಕಗಳಿಗೆ ಅದು ಆಕಾಶದ ಅತಿ ಪ್ರಖರ ಮೂಲಗಳಲ್ಲಿ ಒಂದಾಗಿ ಕಾಣುತ್ತದೆ. ದೂರದ ಗೆಲಾಕ್ಸಿಗಳಿಂದ ಬರುವ ಅಲೆಗಳು ಅಷ್ಟೊಂದು ಕ್ಷೀಣ. ಅವನ್ನು ದಾಖಲಿಸುವ ಆಂಟೆನಾದ ಸುತ್ತಲಾದರೋ ವಿದ್ಯುತ್ ತಂತಿ, ಚಾರ್ಜರ್, ಕಂಪ್ಯೂಟರ್, ಎಲ್‌ಇಡಿ ಬಲ್ಬು ಎಲ್ಲವೂ ಬೇಡದ ರೇಡಿಯೊ ಅಲೆಗಳನ್ನು ಸೂಸುತ್ತಲೇ ಇರುತ್ತವೆ. ಬಂದದ್ದನ್ನೆಲ್ಲ ಮೊದಲು ದಾಖಲಿಸಿಕೊಂಡು, ಕಸವನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೋಸಿದರಾಯಿತು ಎಂಬ ನಂಬಿಕೆ ಈಗ ಬಲವಾಗಿದೆ. ಈ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಗದ್ದಲವನ್ನು ಹುಟ್ಟುವ ಜಾಗದಲ್ಲೇ ತಡೆಯಬೇಕು, ಅದಾಗದಿದ್ದರೆ ರಿಸೀವರಿನ ಒಳಹೊಗುವ ಮುನ್ನವಾದರೂ ತಡೆಯಬೇಕು. ಸೋಸುವ ಕೆಲಸ ಏನಿದ್ದರೂ ಕೊನೆಯದು.

ಸೋಸುವುದರಿಂದ ಪ್ರಯೋಜನವೇ ಇಲ್ಲ ಎನ್ನುತ್ತಿಲ್ಲ. ಪುಣೆ ಜಿಲ್ಲೆಯ ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿ 45 ಮೀಟರ್ ಅಗಲದ 30 ಡಿಶ್‌ಗಳಿರುವ ಜಿಎಂಆರ್‌ಟಿ ದೂರದರ್ಶಕದಲ್ಲಿ, ವಿದ್ಯುತ್ ತಂತಿಗಳಿಂದ ಬರುವ ಚಿಟಪಟ ಸದ್ದನ್ನು ಗುರುತಿಸಿ ಆ ಕ್ಷಣವೇ ಕಿತ್ತುಹಾಕುವ ವ್ಯವಸ್ಥೆ ಇದೆ, ಅದು ಕೆಲಸಕ್ಕೂ ಬರುತ್ತದೆ. ಆದರೆ ಇದಕ್ಕೆ ಎರಡು ಮಿತಿಗಳಿವೆ. ಗದ್ದಲ ತೀರಾ ಜೋರಾದಾಗ ರಿಸೀವರಿನ ಆಂಪ್ಲಿಫೈಯರ್ ತನ್ನ ಮಿತಿ ಮುಟ್ಟಿಬಿಡುತ್ತದೆ. ಬಿಸಿಲಿಗೆದುರಾಗಿ ತೆಗೆದ ಫೋಟೊದಲ್ಲಿ ಪೂರ್ತಿ ಬೆಳ್ಳಗಾದ ಭಾಗದಿಂದ ಯಾರ ಮುಖವನ್ನೂ ಮತ್ತೆ ಹೊರತೆಗೆಯಲಾಗದು, ಇಲ್ಲೂ ಅಷ್ಟೇ. ಎರಡನೆಯ ಮಿತಿ ಇದಕ್ಕಿಂತ ಗಂಭೀರ. ಕಸ ಯಾವುದೆಂದು ಯಂತ್ರಕ್ಕೆ ಹೇಳಿಕೊಡುವವರು ನಾವೇ. 1967ರಲ್ಲಿ ಕೇಂಬ್ರಿಜ್‌ನಲ್ಲಿ ಖಗೋಳ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ರೇಡಿಯೊ ದೂರದರ್ಶಕದ ಕಾಗದದ ಸುರುಳಿಯ ಮೇಲೆ ಮೂಡಿದ ಒಂದು ವಿಚಿತ್ರ ಗೀಚನ್ನು ಗಮನಿಸಿದರು. ಬಿಡಿಸಿ ನೋಡಿದಾಗ ಸುಮಾರು 1.3 ಸೆಕೆಂಡಿಗೊಮ್ಮೆ ತಪ್ಪದೆ ಬರುವ ಮಿಡಿತ ಅದು. ಅಷ್ಟು ಕರಾರುವಾಕ್ಕಾದ ಮಿಡಿತ ಮನುಷ್ಯನ ಯಂತ್ರದ್ದೇ ಇರಬೇಕೆಂಬ ಶಂಕೆ ಸಹಜವಾಗಿತ್ತು. ಬಿಡದೆ ಬೆನ್ನುಹತ್ತಿದ್ದರಿಂದ ಅದು ಪಲ್ಸಾರ್ ಎಂಬ ನಕ್ಷತ್ರದ ಮಿಡಿತವೆಂದು ತಿಳಿಯಿತು. ಲಯಬದ್ಧವಾದುದನ್ನೆಲ್ಲ ಅಳಿಸುವ ಸೋಸುಕವೊಂದು ಆಗ ಇದ್ದಿದ್ದರೆ ಆ ಗೀಚು ಅವರ ಕಣ್ಣಿಗೇ ಬೀಳುತ್ತಿರಲಿಲ್ಲ.

ಹಾಗಾದರೆ ಜನವಸತಿ ಇಲ್ಲದ ದೂರದ ಜಾಗಕ್ಕೆ ಹೋದರೆ ಸಾಲದೇ ಎಂದು ಕೇಳಬಹುದು. ದೂರ ಹೋಗುವುದು ಒಳ್ಳೆಯದೇ. ಅಮೆರಿಕದಲ್ಲಿ ಗ್ರೀನ್ ಬ್ಯಾಂಕ್ ಸುತ್ತ 1958ರಲ್ಲೇ ರೇಡಿಯೊ ಮೌನದ ವಿಶಾಲ ವಲಯವನ್ನು ಗುರುತಿಸಿದ್ದರು. ಆದರೆ ಎಷ್ಟು ದೂರ ಹೋದರೂ ನಮ್ಮ ಉಪಕರಣಗಳು ಜೊತೆಗೇ ಬರುತ್ತವೆ. ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದ ದಾಖಲೆಗಳಲ್ಲಿ 1998ರಿಂದ ಆಗಾಗ ಕ್ಷಣಮಾತ್ರದ ಸ್ಫೋಟಗಳು ಸಿಗುತ್ತಿದ್ದವು. ಅವು ದೂರದ ಗೆಲಾಕ್ಸಿಗಳಿಂದ ಬರುವ ನಿಜವಾದ ರೇಡಿಯೊ ಸ್ಫೋಟಗಳನ್ನು ಎಷ್ಟು ಹೋಲುತ್ತಿದ್ದವೆಂದರೆ, ಆ ನಿಜವಾದವುಗಳ ಮೇಲೂ ಅನುಮಾನ ಹುಟ್ಟಿತು. ಒಗಟು ಬಿಡಿಸಿದ್ದು ಹಳೆಯ ದಾಖಲೆಗಳ ಸೋಸಾಟವಲ್ಲ, ಗದ್ದಲವನ್ನಷ್ಟೇ ಅಳೆಯಲೆಂದು ಅಲ್ಲಿ ನಿಲ್ಲಿಸಿದ ಪ್ರತ್ಯೇಕ ರಿಸೀವರ್. ವೀಕ್ಷಣಾಲಯದ ಮೈಕ್ರೊವೇವ್ ಓವನ್ ಇನ್ನೂ ಚಾಲನೆಯಲ್ಲಿರುವಾಗ ಯಾರಾದರೂ ಬಾಗಿಲು ತೆರೆದರೆ, ಒಳಗೆ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್ ಆರಿಹೋಗುವ ಗಳಿಗೆಯಲ್ಲಿ ಅಂಥ ಸ್ಫೋಟ ಹೊರಬೀಳುತ್ತಿತ್ತು. ಇದು 2015ರಲ್ಲಿ ಖಚಿತವಾಯಿತು.

ಗದ್ದಲವನ್ನು ಮೊದಲೇ ತಡೆಯುವ ಎಚ್ಚರವನ್ನು ಬಹಳ ಕಟ್ಟುನಿಟ್ಟಾಗಿ ಪಾಲಿಸಿದ ಕೆಲಸವೊಂದು ನಮ್ಮಲ್ಲೇ ನಡೆದಿದೆ. ವಿಶ್ವದ ಮೊದಲ ನಕ್ಷತ್ರಗಳ ಗುರುತು 78 ಮೆಗಾಹರ್ಟ್ಸ್ ಸುತ್ತ ಸಿಕ್ಕಿದೆಯೆಂದು ಅಮೆರಿಕದ ತಂಡವೊಂದು ಪಶ್ಚಿಮ ಆಸ್ಟ್ರೇಲಿಯಾದ ನಿರ್ಜನ ಪ್ರದೇಶದಲ್ಲಿ ನಡೆಸಿದ ಎಡ್ಜಸ್ ಪ್ರಯೋಗದ ಆಧಾರದ ಮೇಲೆ 2018ರಲ್ಲಿ ಸಾರಿತ್ತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಅದನ್ನು ಪರೀಕ್ಷಿಸಲು ಸರಸ್-3 ಎಂಬ ಆಂಟೆನಾವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೆಪ್ಪದ ಮೇಲೆ ತೇಲಿಬಿಟ್ಟಿತು. ನೆಲದಡಿಯ ಕಲ್ಲು, ಮಣ್ಣು, ತೇವದ ಪದರಗಳು ಅಲೆಗಳನ್ನು ಒಂದೊಂದು ತರಂಗಾಂತರದಲ್ಲಿ ಒಂದೊಂದು ರೀತಿ ಪ್ರತಿಫಲಿಸಿ ಅಳತೆ ಕೆಡಿಸುತ್ತವೆ. ನೀರಾದರೆ ಏಕರೂಪ. ಆಂಟೆನಾದ ಬುಡದ ಉಪಕರಣಗಳು ಬ್ಯಾಟರಿಯಲ್ಲೇ ನಡೆಯುತ್ತಿದ್ದವು. ಅಲ್ಲಿಂದ ದಡಕ್ಕೆ ಸಂಕೇತ ಬರುತ್ತಿದ್ದುದು ತಾಮ್ರದ ತಂತಿಯಲ್ಲಲ್ಲ, ಗಾಜಿನ ಎಳೆಯಲ್ಲಿ. ಗಾಜಿನಲ್ಲಿ ವಿದ್ಯುತ್ ಹರಿಯದ ಕಾರಣ ದಡದ ಕಂಪ್ಯೂಟರುಗಳ ಗದ್ದಲ ಅದೇ ದಾರಿ ಹಿಡಿದು ಆಂಟೆನಾಕ್ಕೆ ಏರುವಂತಿಲ್ಲ. ಇಷ್ಟಾದ ಮೇಲೂ ಅಡಚಣೆ ತಗುಲಿದ ಭಾಗಗಳನ್ನು ಲೆಕ್ಕದಿಂದ ಕೈಬಿಡಬೇಕಾಯಿತು, ಆದರೆ ಅದು ಕಟ್ಟಕಡೆಯ ಹೆಜ್ಜೆ. 2022ರಲ್ಲಿ ಪ್ರಕಟವಾದ ಫಲಿತಾಂಶ ಆ ಅಮೆರಿಕನ್ ತಂಡದ ಪ್ರತಿಪಾದನೆಯನ್ನು ಸುಮಾರು 95 ಪ್ರತಿಶತ ವಿಶ್ವಾಸದೊಂದಿಗೆ ತಳ್ಳಿಹಾಕಿತು. ಕರ್ನಾಟಕದ ಕೆರೆಯ ಮೇಲಿಂದ ಇಂಥ ತೀರ್ಪು ಹೊರಟಿದ್ದು ಹೆಮ್ಮೆಯ ಮಾತು.

ಕೆಲವೇ ವಿಜ್ಞಾನಿಗಳ ಅನುಕೂಲಕ್ಕಾಗಿ ಜನರ ಕರೆಂಟು, ಮೊಬೈಲುಗಳಿಗೆ ಕಡಿವಾಣ ಹಾಕಬೇಕೆ ಎಂಬ ಆಕ್ಷೇಪಕ್ಕೆ ನಿಜಕ್ಕೂ ತೂಕವಿದೆ. ಆದರೆ ಗದ್ದಲದ ಬಹುಪಾಲು ಯಾರಿಗೂ ಉಪಯೋಗವಿಲ್ಲದ್ದು. ಸಡಿಲವಾದ ಜೋಡಣೆ, ಬಿರುಕುಬಿಟ್ಟ ಇನ್ಸುಲೇಟರ್ ಇರುವ ಕಂಬದಲ್ಲಿ ವೋಲ್ಟೇಜ್ ಏರಿದಾಗಲೆಲ್ಲ, ಅಂದರೆ ಸೆಕೆಂಡಿಗೆ 100 ಸಲ, ಕಿಡಿ ಹಾರುತ್ತದೆ. ಆ ಗುಂಯ್‌ಗುಡುವಿಕೆಯ ಲಯದಿಂದಲೇ ಮೂಲವನ್ನು ಪತ್ತೆ ಹಚ್ಚಬಹುದು. ಕಂಬ ರಿಪೇರಿಯಾದರೆ ದೂರದರ್ಶಕಕ್ಕೂ ಲಾಭ, ಊರಿನ ಕರೆಂಟಿಗೂ ಲಾಭ. ಮನೆಯಲ್ಲಿ ರಾತ್ರಿ ಮೀಡಿಯಂ ವೇವ್‌ನಲ್ಲಿ ದೂರದ ಆಕಾಶವಾಣಿ ಕೇಂದ್ರಗಳನ್ನು ಹಿಡಿದು ರೆಕಾರ್ಡ್ ಮಾಡುವವರಿಗೂ ಇದೇ ಕ್ರಮ ಅನ್ವಯಿಸುತ್ತದೆ. ಬ್ಯಾಟರಿ ಹಾಕಿದ ರೇಡಿಯೊ ಹಚ್ಚಿಟ್ಟು ಮೇನ್ ಸ್ವಿಚ್ ಆಫ್ ಮಾಡಿ. ಗೊರಗೊರ ನಿಂತರೆ ತಪ್ಪಿತಸ್ಥ ಮನೆಯೊಳಗೇ ಇದೆ, ಒಂದೊಂದೇ ಸ್ವಿಚ್ ಹಾಕುತ್ತ ಹೋದರೆ ಸಿಕ್ಕಿಬೀಳುತ್ತದೆ. ನಿಲ್ಲದಿದ್ದರೆ ರೇಡಿಯೊವನ್ನು ನಿಧಾನಕ್ಕೆ ತಿರುಗಿಸಿ. ಒಳಗೆ ಆಂಟೆನಾ ಆಗಿರುವ ಫೆರೈಟ್ ಕಡ್ಡಿಯ ತುದಿ ಗದ್ದಲದ ಕಡೆ ಮುಖ ಮಾಡಿದಾಗ ಸದ್ದು ತೀರಾ ಕುಗ್ಗುತ್ತದೆ. ತಂತಿಗಳ ಮೈಮೇಲೆ ಹರಿದು ಬರುವ ಗದ್ದಲವನ್ನು, ಕಂಪ್ಯೂಟರ್ ಕೇಬಲ್ಲಿನ ತುದಿಯಲ್ಲಿ ದಪ್ಪಗೆ ಕಾಣುವ ಫೆರೈಟ್ ಉಂಗುರದಂಥದ್ದನ್ನೇ ತೊಡಿಸಿ ತಡೆಯಬಹುದು. ಸಾಮಾನ್ಯವಾಗಿ ಸಿಕ್ಕಿಬೀಳುವುದು ಅಗ್ಗದ ಎಲ್‌ಇಡಿ ಬಲ್ಬು ಅಥವಾ ಚಾರ್ಜರ್. ಒಂದು ಸಣ್ಣ ಸುರುಳಿ, ಒಂದೆರಡು ಕೆಪಾಸಿಟರ್ ಸೇರಿಸಿದ್ದರೆ ತೆಪ್ಪಗಿರುತ್ತಿದ್ದ ಸರಕು ಅದು. ದೀಪಗಳು ಎಷ್ಟು ರೇಡಿಯೊ ಗದ್ದಲ ಮಾಡಬಹುದೆಂದು ಸಿಐಎಸ್‌ಪಿಆರ್ 15 ಎಂಬ ಅಂತಾರಾಷ್ಟ್ರೀಯ ಮಾನದಂಡ ಮಿತಿ ಹಾಕಿದೆ. ಅದನ್ನು ಕಾರ್ಖಾನೆಯ ಬಾಗಿಲಲ್ಲೇ ಬಿಗಿಯಾಗಿ ಜಾರಿ ಮಾಡಿದರೆ, ಕೇಳುಗರು ಮನೆಮನೆಯಲ್ಲೂ ಸೋಸುಕ ಹುಡುಕುವ ಕಷ್ಟದಲ್ಲಿ ಬಹುಪಾಲು ತಪ್ಪುತ್ತದೆ.