ಹುಲಿ ನೋಡುವುದಕ್ಕೂ ಸಂಬಳವೇ?

ಪ್ರಶ್ನೆ: ವನ್ಯಜೀವಿ ವಿಜ್ಞಾನಿಗಳು ನಿಜಕ್ಕೂ ಮಾಡುವ ಕೆಲಸವೇನು? ದಿನಾ ಹುಲಿ ನೋಡುತ್ತಾರಾ?

ಉತ್ತರ: ಹುಲಿ ಕಣ್ಣಿಗೆ ಬೀಳುವುದು ಅಪರೂಪ. ಸುಲಭವಾಗಿ ಸಿಗುವುದು ಅದರ ಮಲ. ಮೂಗು ಮುರಿಯಬೇಡಿ, ಅದನ್ನು ತೊಳೆದು ಒಣಗಿಸಿ, ಉಳಿದ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹುಲಿ ತಿಂದದ್ದು ಜಿಂಕೆಯೋ ಕಡವೆಯೋ ಕಾಟಿಯೋ ಗೊತ್ತಾಗುತ್ತದೆ.

ಎಣಿಕೆಯ ಕಥೆ ಇನ್ನೂ ಸ್ವಾರಸ್ಯ. ಹಿಂದೆ ಹೆಜ್ಜೆಗುರುತು ನೋಡಿ ಹುಲಿಗಳ ಲೆಕ್ಕ ಹಾಕುತ್ತಿದ್ದರು. ಆ ಲೆಕ್ಕವನ್ನು ನಂಬುವುದು ಕಷ್ಟವಿತ್ತು. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರು ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ) ಬಳಸಿ ಎಣಿಸತೊಡಗಿದರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಅಷ್ಟೇ ಅಲ್ಲ, ಒಂದೇ ಹುಲಿಯ ಎಡಮೈ ಪಟ್ಟೆಗೂ ಬಲಮೈ ಪಟ್ಟೆಗೂ ತಾಳೆಯಾಗುವುದಿಲ್ಲ. ಹಾಗಾಗಿ ಕಾಡುದಾರಿಯ ಎರಡೂ ಬದಿಗೆ, ಸುಮಾರು ಮೊಣಕಾಲೆತ್ತರದಲ್ಲಿ, ಒಂದೊಂದು ಕ್ಯಾಮೆರಾ ಕಟ್ಟುತ್ತಾರೆ. ಒಮ್ಮೆ ಚಿತ್ರಕ್ಕೆ ಸಿಕ್ಕ ಹುಲಿ ಮತ್ತೆ ಎಷ್ಟು ಸಲ ಸಿಕ್ಕಿತು ಎಂಬುದರ ಮೇಲೆ, ಒಮ್ಮೆಯೂ ಸಿಗದ ಹುಲಿಗಳು ಎಷ್ಟಿರಬಹುದೆಂದು ಅಂದಾಜು ಮಾಡುತ್ತಾರೆ. ಇದು ಶುದ್ಧ ಸಂಖ್ಯಾಶಾಸ್ತ್ರ. (ಕಾರಂತರು ಮೊದಲು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್!)

ಬೆಳ್ಳಂಬೆಳಗ್ಗೆ ನೇರ ಗೆರೆಯಲ್ಲಿ ಸದ್ದಿಲ್ಲದೆ ನಡೆದು ಬಲಿಪ್ರಾಣಿಗಳನ್ನು ಎಣಿಸುವುದೂ ಇದೆ. ಉಣ್ಣಿ ಕಚ್ಚುತ್ತದೆ, ಆನೆ ಎದುರಾದರೆ ಆ ದಿನದ ಕೆಲಸ ಮುಗಿಯಿತು. ಅರಣ್ಯ ಇಲಾಖೆಯ ಅನುಮತಿ, ಅನುದಾನದ ಅರ್ಜಿ, ಕಂಪ್ಯೂಟರಿನ ಮುಂದೆ ತಿಂಗಳುಗಟ್ಟಲೆ ಕೂತು ಪ್ರಬಂಧ ಬರೆಯುವುದು, ಇವೆಲ್ಲ ಸೇರಿದರೇ ವೃತ್ತಿ.

ಆಸಕ್ತಿಯಿದ್ದರೆ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯ ಎಂಎಸ್ಸಿ ಬಗ್ಗೆ ವಿಚಾರಿಸಿ. ಜೀವಶಾಸ್ತ್ರ ಸಿಕ್ಕಿತೆಂದು ಪಿಯುಸಿಯಲ್ಲೇ ಗಣಿತಕ್ಕೆ ಕೈಮುಗಿಯಬೇಡಿ.