ಕಡಲ ನೋಟಕ್ಕೆ ಕ್ರಯಪತ್ರವಿಲ್ಲ

ಕೋಲಾರ ಜಿಲ್ಲೆಗೆ ಸಮುದ್ರವಿಲ್ಲ. ವರ್ಷವಿಡೀ ಹರಿಯುವ ನದಿಯೂ ಇಲ್ಲ. ಕೆರೆಗಳನ್ನೇ ನಂಬಿ ಬದುಕಿದ ಸೀಮೆ ಇದು. ಇಂತಹ ಸೀಮೆಯ ಬಂಗಾರಪೇಟೆಯಲ್ಲಿ, ಅದರ ನೆರೆಯ ಕೆಜಿಎಫ್‌ನಲ್ಲಿ, ಕಡಲ ತೀರದಲ್ಲೊಂದು ಮನೆ ಕೊಳ್ಳುವ ಮಾತು ಈಗ ಕೇಳಿಬರುತ್ತಿದೆ ಎಂದರೆ ಕೆಲವರಿಗೆ ನಗು ಬರಬಹುದು. ಆದರೆ ಮಾತು ನಿಜ. ನಿವೃತ್ತಿಯ ಇಡಿಗಂಟು ಕೈಗೆ ಬಂದವರು, ಬೆಂಗಳೂರಿನ ಫ್ಲ್ಯಾಟಿನ ಸಾಲ ತೀರಿಸಿ ನಿಟ್ಟುಸಿರು ಬಿಟ್ಟವರು, ಮಕ್ಕಳನ್ನು ವಿದೇಶಕ್ಕೆ ಕಳುಹಿಸಿದವರು ಇಂತಹ ಮನೆಯ ಲೆಕ್ಕಾಚಾರದಲ್ಲಿ ತೊಡಗಿದ್ದಾರೆ. ಬಂಗಾರಪೇಟೆ ಜಂಕ್ಷನ್ನಿನಿಂದ ಚೆನ್ನೈ ರೈಲುದಾರಿಯಲ್ಲಿ ಸುಮಾರು 290 ಕಿ.ಮೀ. ದೂರದಲ್ಲಿದೆ. ನಮ್ಮದೇ ರಾಜ್ಯದ ಮಂಗಳೂರು 400 ಕಿ.ಮೀ.ಗೂ ಆಚೆಗಿದೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ಕರ್ನಾಟಕದ ಭಾಗ 2024ರ ಕೊನೆಯಲ್ಲಿ ಸಂಚಾರಕ್ಕೆ ತೆರೆದ ಮೇಲಂತೂ ಕಡಲು ಇನ್ನಷ್ಟು ಹತ್ತಿರ ಬಂದಂತೆ ಜನರಿಗೆ ತೋರುತ್ತಿದೆ.

ಈ ವಿಷಯವನ್ನು ನಾನು ಹತ್ತಿರದಿಂದ ಪರಿಶೀಲಿಸಬೇಕಾಗಿ ಬಂದದ್ದು ನನ್ನ ತಂಗಿಯ ಮಗನಿಂದಾಗಿ. ಅವನು ಆಸ್ಟ್ರೇಲಿಯದಲ್ಲಿದ್ದಾನೆ. 'ಮಾಮ, ನೀವು ಕಂದಾಯ ಇಲಾಖೆಯಲ್ಲಿದ್ದವರು. ನಮ್ಮ ಕರಾವಳಿಯಲ್ಲಿ ಅಮ್ಮನಿಗೂ ನನಗೂ ಆಗುವಂಥ ಒಂದು ಮನೆ ನೋಡಿ. ವರ್ಷಕ್ಕೊಮ್ಮೆ ಬಂದಾಗ ಎಲ್ಲರೂ ಅಲ್ಲೇ ಇರೋಣ' ಎಂದು ಕೇಳಿದ. ಅವನ ಆಸೆಯ ಬೇರು ನನಗೆ ಗೊತ್ತು. ಅವನು ಹುಟ್ಟಿ ಬೆಳೆದದ್ದು ಗಣಿಯ ಕ್ವಾರ್ಟರ್ಸಿನಲ್ಲಿ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದಾಗ ಅವನಿನ್ನೂ ಎಸ್ಸೆಸ್ಸೆಲ್ಸಿ ಓದುತ್ತಿದ್ದ. ಮುಂದೆ ಆ ಸಂಸಾರ ಬಂಗಾರಪೇಟೆಯ ಬಾಡಿಗೆ ಮನೆಗೆ ಬಂತು. ತನ್ನ ಹೆಸರಿನಲ್ಲಿ ಒಂದು ಕ್ರಯಪತ್ರವಿರಬೇಕು ಎಂಬ ಹಂಬಲ ಅಂತಹ ಮಕ್ಕಳಿಗೆ ಶೋಕಿಯಲ್ಲ.

ಉಡುಪಿ ಜಿಲ್ಲೆಯ ಉತ್ತರ ಭಾಗದ ಒಂದು ಗ್ರಾಮದಲ್ಲಿ ಮನೆಯೊಂದು ಮಾರಾಟಕ್ಕಿತ್ತು. ಅರ್ಧ ಎಕರೆ ತೆಂಗಿನ ತೋಟ, ನಡುವೆ ಹೆಂಚಿನ ಮನೆ, ಎದುರಿಗೆ ಕಡಲು. ಕೇಳಿದ ಬೆಲೆ 80 ಲಕ್ಷ ರೂಪಾಯಿ. ಹೋಗಿ ನೋಡಿದೆ. ಮನಸ್ಸು ಸೋಲುವಂತಹ ಜಾಗ. ಆದರೆ ಪಹಣಿ ತೆಗೆಸಿ ನೋಡಿದರೆ ಜಮೀನು ಇನ್ನೂ ಕೃಷಿ ಜಮೀನಾಗಿಯೇ ಇತ್ತು; ಭೂಪರಿವರ್ತನೆ ಆಗಿರಲಿಲ್ಲ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು 2020ರಲ್ಲಿ ರದ್ದಾದ ಮೇಲೆ ಕೃಷಿಕರಲ್ಲದವರೂ ರಾಜ್ಯದಲ್ಲಿ ಕೃಷಿ ಜಮೀನು ಕೊಳ್ಳಬಹುದು ಎಂಬುದು ದಿಟ. ಆದರೆ ಈ ಸಡಿಲಿಕೆ ನನಗೆ ಅನ್ವಯವಾಗುತ್ತದೆಯೇ ಹೊರತು ನನ್ನ ಸೋದರಳಿಯನಿಗಲ್ಲ. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ನಿಯಮಗಳ ಪ್ರಕಾರ ಅನಿವಾಸಿ ಭಾರತೀಯರು ಇಲ್ಲಿ ವಾಸದ ಮನೆಯನ್ನು ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ.

ಮಧ್ಯವರ್ತಿಗೆ ಇದೊಂದು ಅಡ್ಡಿಯಾಗಿಯೇ ಕಾಣಲಿಲ್ಲ. 'ಹಣ ಅವರು ಕಳಿಸಲಿ, ಕ್ರಯ ನಿಮ್ಮ ಹೆಸರಿಗೇ ಆಗಲಿ' ಎಂದರು. ಎಷ್ಟೋ ಮನೆಗಳಲ್ಲಿ ಹೀಗೇ ನಡೆಯುತ್ತದೆ. ಆದರೆ ಒಬ್ಬರ ಹಣದಲ್ಲಿ, ಅವರ ಪ್ರಯೋಜನಕ್ಕಾಗಿ, ಇನ್ನೊಬ್ಬರ ಹೆಸರಿಗೆ ಆಸ್ತಿ ಮಾಡುವುದಕ್ಕೆ ಕಾನೂನು ಬೇನಾಮಿ ಎಂದು ಹೆಸರಿಟ್ಟಿದೆ. 1988ರ ಈ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯು ಒಂದರಿಂದ ಏಳು ವರ್ಷದವರೆಗೆ ಕಠಿಣ ಸಜೆಯನ್ನೂ ಆಸ್ತಿಯ ಮಾರುಕಟ್ಟೆ ಬೆಲೆಯ ಶೇ 25ರವರೆಗೆ ದಂಡವನ್ನೂ ವಿಧಿಸುತ್ತದೆ. ಆಸ್ತಿ ಮುಟ್ಟುಗೋಲಾಗುವುದು ಬೇರೆ. ಹೆಂಡತಿ ಅಥವಾ ಮಕ್ಕಳ ಹೆಸರಿಗೆ, ಕೆಲವು ಷರತ್ತುಗಳೊಡನೆ ಒಡಹುಟ್ಟಿದವರು ಮತ್ತು ತಂದೆತಾಯಿಯರ ಜತೆ ಜಂಟಿಯಾಗಿ ಮಾಡುವ ಖರೀದಿಗೆ ವಿನಾಯಿತಿ ಇದೆ. ಸೋದರಮಾವ ಆ ಪಟ್ಟಿಯಲ್ಲಿಲ್ಲ. ಪಿಂಚಣಿಯಲ್ಲಿ ನೆಮ್ಮದಿಯಾಗಿರುವ ಮಾವಂದಿರು ಇದನ್ನು ನೆನಪಿಡುವುದು ಲೇಸು.

ಇನ್ನು ಎರಡನೆಯ ತೊಡಕು. 1991ರ ಫೆಬ್ರುವರಿ 19ರಂದು ಕೇಂದ್ರ ಸರ್ಕಾರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹೊರಡಿಸಿತು. ಅದಾಗಿ ಕೆಲವು ವರ್ಷಗಳಲ್ಲಿ ನಾನು ಉತ್ತರ ಕನ್ನಡ ಜಿಲ್ಲೆಯಲ್ಲಿ ಸೇವೆಯಲ್ಲಿದ್ದೆ. 'ಭರತದ ಗೆರೆ ಎಲ್ಲಿದೆ, ತೋರಿಸಿ' ಎಂದು ಹಳ್ಳಿಯವರು ಕೇಳಿದರೆ ಉತ್ತರಿಸುವುದು ಆಗ ಸುಲಭವಿರಲಿಲ್ಲ. ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗಿನ ನೆಲ ಈ ವಲಯಕ್ಕೆ ಸೇರುತ್ತದೆ. 2011ರಲ್ಲಿ, ಮತ್ತೆ 2019ರ ಜನವರಿಯಲ್ಲಿ ಅಧಿಸೂಚನೆಯನ್ನು ಪರಿಷ್ಕರಿಸಲಾಯಿತು. 2019ರ ಅಧಿಸೂಚನೆಯಂತೆ, 2011ರ ಜನಗಣತಿಯ ಪ್ರಕಾರ ಚದರ ಕಿ.ಮೀ.ಗೆ 2161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ತೀರದಲ್ಲಿ 50 ಮೀಟರ್, ಅದಕ್ಕಿಂತ ವಿರಳವಾದಲ್ಲಿ 200 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿರ್ಬಂಧವಿದೆ. ಕೆಲವೇ ವಿನಾಯಿತಿಗಳುಂಟು. ನಾವು ನೋಡಿದ ಮನೆ ಅಲೆಗಳಿಂದ ನೂರು ಮೀಟರ್ ಒಳಗಿತ್ತು. ಅದನ್ನು ಕಟ್ಟಲು ಯಾವಾಗ, ಯಾರು ಅನುಮತಿ ಕೊಟ್ಟರು ಎಂದು ಕೇಳಿದರೆ ಪಂಚಾಯಿತಿಯ ಮನೆ ನಂಬರನ್ನೂ ಕಂದಾಯ ರಸೀದಿಯನ್ನೂ ಮುಂದಿಟ್ಟರು. ತೆರಿಗೆ ಕಟ್ಟಿದ ಮಾತ್ರಕ್ಕೆ ಕಟ್ಟಡ ಸಕ್ರಮವಾಗುವುದಿಲ್ಲ ಎಂಬುದನ್ನು ನಮ್ಮ ವಿದ್ಯಾವಂತರೂ ಮರೆಯುತ್ತಾರೆ.

ಮರೆತರೆ ಏನಾಗಬಹುದು ಎಂಬುದಕ್ಕೆ ಕೊಚ್ಚಿಯ ಮರಡು ಸಾಕ್ಷಿ. ಹಿನ್ನೀರಿನ ದಂಡೆಯ ನಾಲ್ಕು ವಸತಿ ಸಮುಚ್ಚಯಗಳಿಗೆ ಸ್ಥಳೀಯ ಪಂಚಾಯಿತಿ 2006ರಲ್ಲಿ ಪರವಾನಗಿ ಕೊಟ್ಟಿತ್ತು. ಮುನ್ನೂರಕ್ಕೂ ಹೆಚ್ಚು ಫ್ಲ್ಯಾಟುಗಳಿದ್ದವು. ಕರಾವಳಿ ನಿಯಮ ಉಲ್ಲಂಘನೆಯಾಗಿದೆ ಎಂದು 2019ರ ಮೇ 8ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 2020ರ ಜನವರಿ 11 ಮತ್ತು 12ರಂದು ಸ್ಫೋಟಕವಿಟ್ಟು ನಾಲ್ಕನ್ನೂ ಉರುಳಿಸಲಾಯಿತು. ಮಾಲೀಕರಿಗೆ ಮಧ್ಯಂತರ ಪರಿಹಾರವಾಗಿ ತಲಾ 25 ಲಕ್ಷ ರೂಪಾಯಿ ಕೊಡಿಸಲಾಯಿತು. ಅವರಲ್ಲಿಯೂ ನೋಂದಾಯಿತ ಪತ್ರಗಳಿದ್ದವು. ನಮ್ಮಲ್ಲಿ ಉಪನೋಂದಣಾಧಿಕಾರಿ ನೋಂದಾಯಿಸುವುದು ಪತ್ರವನ್ನೇ ಹೊರತು ಹಕ್ಕನ್ನಲ್ಲ. ಆ ನೆಲದಲ್ಲಿ ಮನೆ ಇರಬಹುದೇ ಎಂಬ ಪ್ರಶ್ನೆಗೆ ನೋಂದಣಿ ಉತ್ತರವಾಗದು.

ಕಾನೂನನ್ನು ಬದಿಗಿಟ್ಟರೂ ಕಡಲು ತನ್ನದೇ ನಿಯಮ ಇಟ್ಟುಕೊಂಡಿದೆ. ಮರಳಿನ ತೀರ ನಿಂತ ನೆಲವಲ್ಲ. ಪೂರ್ವ ಕರಾವಳಿಯಲ್ಲಿ ಮರಳು ಹೆಚ್ಚಾಗಿ ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಬಂದರಿಗೆ ಕಟ್ಟಿದ ಗೋಡೆಗಳು ಅದನ್ನು ತಡೆದವು. ದಕ್ಷಿಣಕ್ಕೆ ಮರೀನಾ ತೀರ ಅಗಲವಾಯಿತು, ಉತ್ತರಕ್ಕೆ ರಾಯಪುರಂ ತೀರ ಕೊರೆದುಹೋಯಿತು. ಪುದುಚೇರಿಯಲ್ಲಿ 1980ರ ದಶಕದ ಬಂದರು ಕಾಮಗಾರಿಯ ನಂತರ ನಗರದ ಮುಂದಿನ ಮರಳದಂಡೆ ಹೇಗೆ ಕರಗಿತೆಂಬುದು ಅಲ್ಲಿಗೆ ಹೋಗಿಬಂದವರಿಗೆ ತಿಳಿದಿದೆ. ನಮ್ಮ ಪಶ್ಚಿಮ ತೀರದಲ್ಲಿ ಮಳೆಗಾಲ ಕೊಂಡೊಯ್ದ ಮರಳನ್ನು ಬೇಸಿಗೆ ಮರಳಿಸಬೇಕು. ಉಳ್ಳಾಲದಂತಹ ಕಡೆ ಅದು ಪೂರ್ತಿ ಮರಳದೆ ಮನೆಗಳೇ ಸಮುದ್ರದ ಪಾಲಾಗಿವೆ. ಎಲ್ಲಿಯೋ ದೂರದಲ್ಲಿ ಕಟ್ಟಿದ ಒಂದು ಗೋಡೆ ನಿಮ್ಮ ಮನೆಯ ಮುಂದಿನ ಮರಳನ್ನು ಕಸಿಯಬಲ್ಲದು. ಅದಕ್ಕೆ ಯಾವ ಕೋರ್ಟಿನಲ್ಲಿ ದಾವೆ ಹೂಡುವುದು?

ಅಲ್ಲದೆ ಆ ಮರಳಿಗೆ ಬೇರೆ ವಾರಸುದಾರರಿದ್ದಾರೆ. ಮೊಗವೀರರು, ಖಾರ್ವಿಗಳು, ಹರಿಕಂತ್ರರು ದೋಣಿ ಎಳೆದು ನಿಲ್ಲಿಸಲು, ಮೀನು ಒಣಗಿಸಲು, ಬಲೆ ಹರಡಲು ಬೇಕಾದದ್ದು ಆ ತೆರೆದ ದಂಡೆಯೇ. ಕೈರಂಪಣಿಯನ್ನು ದಡದಿಂದಲೇ ಎಳೆಯಬೇಕು. ಬೇಲಿ ಬಂದರೆ ಆ ಕಸುಬು ನಿಲ್ಲುತ್ತದೆ. ಉಷ್ಣವಲಯದ ಬೇರೆ ದೇಶಗಳೂ ತಮ್ಮ ನೆಲದ ಬಗ್ಗೆ ಉದಾರವಾಗಿಲ್ಲ. ಥಾಯ್ಲೆಂಡಿನಲ್ಲಿ ವಿದೇಶಿಯರು ಸಾಮಾನ್ಯವಾಗಿ ನೆಲದ ಒಡೆಯರಾಗುವಂತಿಲ್ಲ. ಒಂದು ಸಮುಚ್ಚಯದ ಫ್ಲ್ಯಾಟುಗಳಲ್ಲಿ ಅವರ ಪಾಲು ವಿಸ್ತೀರ್ಣದ ಶೇ 49ನ್ನು ಮೀರಬಾರದು. ಶ್ರೀಲಂಕಾ 2014ರಲ್ಲಿ ವಿದೇಶಿಯರಿಗೆ ಭೂಮಿ ಮಾರುವುದನ್ನು ಕಾನೂನಿನಿಂದಲೇ ನಿರ್ಬಂಧಿಸಿತು. ಬೇಡಿಕೆ ಹೊರಗಿನಿಂದ ಬಂದಾಗ ಬೆಲೆ ಏರಿ ಊರಿನವರಿಗೇ ಊರಲ್ಲಿ ಜಾಗವಿಲ್ಲದಂತಾಗುತ್ತದೆ ಎಂಬ ಭಯ ಇದರ ಹಿಂದಿದೆ. ಬಂಗಾರಪೇಟೆಯವನು ಉಡುಪಿಗೆ ವಿದೇಶಿಯನಲ್ಲ. ಆದರೆ ಬೆಲೆಯ ವಿಷಯದಲ್ಲಿ ಅವನ ಹಣವೂ ಅದೇ ಕೆಲಸ ಮಾಡುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಹಾಕಿದ ಲೆಕ್ಕ ಬಹಳ ಸರಳ. 80 ಲಕ್ಷ ರೂಪಾಯಿಯನ್ನು ಠೇವಣಿಯಲ್ಲಿಟ್ಟರೆ ಶೇ 7ರ ದರದಲ್ಲಿ ವರ್ಷಕ್ಕೆ 5.6 ಲಕ್ಷ ಬಡ್ಡಿ. ಕಾವಲಿನವನ ಸಂಬಳ, ಉಪ್ಪುಗಾಳಿಗೆ ತುಕ್ಕು ಹಿಡಿಯುವ ಕಬ್ಬಿಣ, ಪ್ರತಿ ಮಳೆಗಾಲದ ನಂತರದ ರಿಪೇರಿ ಸೇರಿ 1.2 ಲಕ್ಷ ಎಂದಿಟ್ಟುಕೊಳ್ಳೋಣ. ಒಟ್ಟು 6.8 ಲಕ್ಷ. ನಮ್ಮ ಸಂಸಾರ ಅಲ್ಲಿರುವುದು ಹೆಚ್ಚೆಂದರೆ 25 ದಿನ. ದಿನವೊಂದಕ್ಕೆ 27,200 ರೂಪಾಯಿ! ಅದೇ ಊರಿನಲ್ಲಿ ಅಷ್ಟೇ ಚೆಂದದ ಮನೆ ದಿನಕ್ಕೆ 8 ಸಾವಿರಕ್ಕೆ ಬಾಡಿಗೆಗೆ ಸಿಗುತ್ತಿತ್ತು. ನೆಲದ ಬೆಲೆ ಏರುವುದಿಲ್ಲವೇ ಎಂದು ಕೇಳುವವರುಂಟು. ಏರಬಹುದು. ಆದರೆ ಏರಿದ ಬೆಲೆ ಕೈಗೆ ಬರುವುದು ಮಾರಿದಾಗ. ಪಹಣಿ, ವಲಯ, ಪರವಾನಗಿ ಮೂರೂ ಸಂಶಯದಲ್ಲಿರುವ ಮನೆಯನ್ನು ಮಾರುವುದು ಕೊಳ್ಳುವಷ್ಟು ಸುಲಭವಲ್ಲ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಎಂಬ ಗಾದೆಯನ್ನು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕೆಜಿಎಫ್‌ನವರಿಗೆ ಈ ಪಾಠವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಅಲ್ಲಿ ಅಧಿಕಾರಿಗಳಿಗೆ ಬಂಗಲೆಗಳು, ಕ್ಲಬ್ಬು, ಗಾಲ್ಫ್ ಮೈದಾನ ಎದ್ದವು. ಕಾರ್ಮಿಕರಿಗೆ ಸಾಲುಸಾಲು ಲೈನ್ ಮನೆಗಳು ಬಂದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತೂ ಬಂತು. ನೆಲದಡಿಯಲ್ಲಿ ಚಿನ್ನವಿರುವವರೆಗೆ ಆ ಮನೆಗಳಿಗೆ ಬೆಲೆಯಿತ್ತು. ಬ್ರಿಟಿಷ್ ಅಧಿಕಾರಿಗಳು ಇದ್ದಷ್ಟು ದಿನ ಇದ್ದು ಹೊರಟುಹೋದರು. ಅವರಿಗೆ ಬೇರೆಡೆ ನೆಲೆಯಿತ್ತು. ಮೂರು ತಲೆಮಾರು ಅಲ್ಲೇ ಬೇರುಬಿಟ್ಟ ಕಾರ್ಮಿಕರಿಗೆ ಹೋಗಲು ಬೇರೆ ಊರಿರಲಿಲ್ಲ. ಗಣಿ ಮುಚ್ಚಿದ ಮೇಲೆ ಅವರಲ್ಲಿ ಸಾವಿರಾರು ಮಂದಿ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೊರಟರು. ಆ ಓಡಾಟ ಇನ್ನೂ ನಿಂತಿಲ್ಲ. ಒಂದೇ ಒಂದು ನೈಸರ್ಗಿಕ ವಸ್ತುವನ್ನು ನೆಚ್ಚಿದ ಮನೆ, ಆ ವಸ್ತು ತೀರಿದಾಗ ಬರಿಯ ಗೋಡೆಯಾಗಿ ಉಳಿಯುತ್ತದೆ. ಅಲ್ಲಿ ಅದು ಚಿನ್ನ; ಇಲ್ಲಿ ಮರಳು.

ಸರ್ಕಾರದ ಪಾಲಿಗೂ ಇಲ್ಲಿ ಎರಡು ಕೆಲಸಗಳಿವೆ. 'ಭೂಮಿ' ಯೋಜನೆಯ ಮೂಲಕ ಪಹಣಿಯನ್ನು ಗಣಕೀಕರಿಸಿ ದೇಶಕ್ಕೇ ಮಾದರಿಯಾದ ರಾಜ್ಯ ನಮ್ಮದು. ಕರಾವಳಿಯ ಮೂರು ಜಿಲ್ಲೆಗಳಲ್ಲಿ ನಿಯಂತ್ರಣ ವಲಯಕ್ಕೆ ಸೇರಿದ ಪ್ರತಿ ಸರ್ವೆ ನಂಬರಿನ ಪಹಣಿಯ 11ನೆಯ ಕಲಮಿನಲ್ಲಿ ಆ ಸಂಗತಿಯನ್ನು ನಮೂದಿಸಿದರೆ, ನಕ್ಷೆ ಓದಲು ಬಾರದ ಕೊಳ್ಳುಗನಿಗೂ ಅರ್ಥವಾಗುತ್ತದೆ. ನೋಂದಣಿಗೆ ಮುನ್ನ ಆ ನಮೂದನ್ನು ಅವನಿಗೆ ಓದಿ ಹೇಳುವುದು ಕಡ್ಡಾಯವಾಗಲಿ. ಎರಡನೆಯದು ತೆರಿಗೆ. ಹಿಂದೆ ಎರಡನೆಯ ಮನೆಯನ್ನು ಖಾಲಿ ಇಟ್ಟರೂ ಬಾಡಿಗೆ ಬಂದಿತೆಂದು ಭಾವಿಸಿ ಆದಾಯ ತೆರಿಗೆ ಹಾಕುತ್ತಿದ್ದರು. 2019ರ ಬಜೆಟ್ಟಿನಿಂದ ಎರಡು ಸ್ವಂತ ವಾಸದ ಮನೆಗಳಿಗೆ ಆ ಹೊರೆ ತಪ್ಪಿತು. ಕೆಲಸದ ನಿಮಿತ್ತ ಎರಡು ಊರಿನಲ್ಲಿ ಬದುಕುವವರಿಗೆ ಇದು ನ್ಯಾಯವೇ. ಆದರೆ ವರ್ಷದಲ್ಲಿ 340 ದಿನ ಬೀಗ ಹಾಕಿದ ವಿಹಾರದ ಮನೆಗೂ ಅದೇ ರಿಯಾಯಿತಿ ಏಕೆ? 2011ರ ಜನಗಣತಿಯೇ ದೇಶದಲ್ಲಿ 2.4 ಕೋಟಿಗೂ ಹೆಚ್ಚು ಖಾಲಿ ಮನೆಗಳನ್ನು ಎಣಿಸಿತ್ತು.

ಸೋದರಳಿಯನಿಗೆ ಇದನ್ನೆಲ್ಲ ಬರೆದು ತಿಳಿಸಿದೆ. ಎರಡು ದಿನ ಉತ್ತರ ಬರಲಿಲ್ಲ. ಆಮೇಲೆ ಫೋನು ಮಾಡಿ, 'ಹಾಗಾದರೆ ಅಮ್ಮನಿಗೆ ಮನೆ ಎಲ್ಲಿ, ಮಾಮ?' ಎಂದ. ಅವನು ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು. ನನ್ನ ತಂಗಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬಂಗಾರಪೇಟೆಯ ಅದೇ ಬಾಡಿಗೆ ಮನೆಯಲ್ಲಿದ್ದಾಳೆ. ಅವಳ ಸಂತೆ, ಡಾಕ್ಟರು, ಗೆಳತಿಯರು ಎಲ್ಲ ಇಲ್ಲೇ. ಬಂಗಾರಪೇಟೆಯಲ್ಲಿ ಪುರಸಭೆಯ ಖಾತೆಯಿರುವ, ಅನಿವಾಸಿಯೂ ಕಾನೂನುಬದ್ಧವಾಗಿ ಕೊಳ್ಳಬಹುದಾದ ಎರಡು ಕೋಣೆಗಳ ಮನೆಯೊಂದರ ಕಾಗದಪತ್ರಗಳನ್ನು ಈಗ ನಾನು ಓದುತ್ತಿದ್ದೇನೆ. ಋಣಭಾರ ಪ್ರಮಾಣಪತ್ರ ಚೊಕ್ಕಟವಾಗಿದೆ. ಬರುವ ಡಿಸೆಂಬರಿನಲ್ಲಿ ಅವನು ಬಂದಾಗ ಎಲ್ಲರೂ ಒಂದು ವಾರ ಕಡಲ ದಂಡೆಗೆ ಹೋಗುತ್ತೇವೆ, ಬಾಡಿಗೆ ಕೊಟ್ಟು. ಅಲೆ ನೋಡಲು ಕ್ರಯಪತ್ರ ಬೇಕಾಗಿಲ್ಲ.