ಮೋಡವಿಲ್ಲದ ಆಕಾಶವೂ ಸಿಗ್ನಲ್ ನುಂಗುತ್ತದೆ

ಮಳೆ ಜೋರಾದರೆ ತಾರಸಿ ಮೇಲಿನ ಡಿಶ್ ಕೈಕೊಡುವುದು ಹೊಸತೇನಲ್ಲ. ಆದರೆ ಚೂರೂ ಮೋಡವಿಲ್ಲದ ದಿನವೂ ಗಾಳಿ ಉಪಗ್ರಹದ ಸಿಗ್ನಲ್‌ನಿಂದ ಸುಂಕ ವಸೂಲಿ ಮಾಡುತ್ತಲೇ ಇರುತ್ತದೆ.

ವಸೂಲಿಗಾರರು ಇಬ್ಬರು: ನೀರಾವಿ, ಆಮ್ಲಜನಕ. ಗಾಳಿಯಲ್ಲಿ ಶೇ. 78ರಷ್ಟಿರುವ ಸಾರಜನಕ ಇಲ್ಲಿ ಬಹುತೇಕ ನಿರಪರಾಧಿ. ನೀರಾವಿಯ ಅಣುಗಳು 22.2 ಗಿಗಾಹರ್ಟ್ಸ್ ಹತ್ತಿರ ರೇಡಿಯೊ ಶಕ್ತಿ ಹೀರುತ್ತವೆ. ಆಮ್ಲಜನಕದ ಹಸಿವು 60ರ ಸುತ್ತ, ಅದೂ ಎಂಥ ಹಸಿವು! ಸಮುದ್ರಮಟ್ಟದಲ್ಲಿ ಕಿಲೋಮೀಟರಿಗೆ ಸುಮಾರು 15 ಡೆಸಿಬೆಲ್. ಒಂದೇ ಕಿಲೋಮೀಟರಿನಲ್ಲಿ ಶಕ್ತಿ ಮೂವತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಅಮೆರಿಕದ ಮಿಲ್‌ಸ್ಟಾರ್ ಸೇನಾ ಉಪಗ್ರಹಗಳು ತಮ್ಮತಮ್ಮಲ್ಲಿ ಮಾತಾಡಲು 60 ಗಿಗಾಹರ್ಟ್ಸನ್ನೇ ಆರಿಸಿಕೊಂಡಿದ್ದವು. ನೆಲದಿಂದ ಕದ್ದು ಕೇಳುವುದು ಕಷ್ಟ, ನೋಡಿ.

ನಷ್ಟ ಎಷ್ಟೆಂದು ಅಳೆಯುವುದು ಹೇಗೆ? ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪಿ.676 ಎಂಬ ಶಿಫಾರಸಿದೆ. ವಾತಾವರಣವನ್ನು ಪದರ ಪದರವಾಗಿ ಸೀಳಿ, ಒತ್ತಡ, ತಾಪಮಾನ, ತೇವಾಂಶ ನೋಡಿ, ಪ್ರತಿ ಪದರದ ನಷ್ಟ ಕೂಡಿಸುವ ವಿಧಾನ ಅದರಲ್ಲಿದೆ. ಅವಸರಕ್ಕೆ ಅಡ್ಡದಾರಿಯೂ ಉಂಟು: ನೆತ್ತಿಯ ನೇರಕ್ಕಿರುವ ನಷ್ಟವನ್ನು ಆಂಟೆನಾ ಎತ್ತಿದ ಕೋನದ ಸೈನ್‌ನಿಂದ ಭಾಗಿಸಿ. 30 ಡಿಗ್ರಿಯಲ್ಲಿ ನಷ್ಟ ಎರಡರಷ್ಟು, 10 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಆರರಷ್ಟು. 5 ಡಿಗ್ರಿಗಿಂತ ಕೆಳಗೆ ಮಾತ್ರ ಇದನ್ನು ನಂಬಬೇಡಿ. ಭೂಮಿಯ ವಕ್ರತೆ, ಕಿರಣದ ಬಾಗು ಸೇರಿ ಲೆಕ್ಕ ಕೆಡಿಸುತ್ತವೆ.

ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ಇಸ್ರೋದ 32 ಮೀಟರ್ ಆಂಟೆನಾ ಕೆಳ ಆವರ್ತನದ ಎಸ್ ಮತ್ತು ಎಕ್ಸ್ ಬ್ಯಾಂಡ್‌ಗಳಲ್ಲಿ ಚಂದ್ರಯಾನದ ದನಿ ಕೇಳುತ್ತದೆ. ಅಲ್ಲಿ ತಲೆ ಎತ್ತಿ ನೋಡುವಾಗ ಈ ಸುಂಕ ಒಂದು ಡೆಸಿಬೆಲ್‌ನ ಸಣ್ಣ ಚೂರು ಅಷ್ಟೆ. 20, 30 ಗಿಗಾಹರ್ಟ್ಸ್‌ನ ಕಾ ಬ್ಯಾಂಡ್‌ಗೆ ಏರಿದಿರೋ, ಮಂಗಳೂರಿನ ಬೆವರುವ ಗಾಳಿಗೂ ಬಳ್ಳಾರಿಯ ಒಣ ಗಾಳಿಗೂ ಬೇರೆ ಬೇರೆ ಲೆಕ್ಕ ಇಡಬೇಕು.